ಪದಕದ ಅಂಚಿನಲ್ಲಿ ಸಿಪಾಯಿಯ ಹೆಸರು

ಯುದ್ಧದಲ್ಲಿ ಪಾಲ್ಗೊಂಡ ಸಾಮಾನ್ಯ ಸಿಪಾಯಿಗೂ ಪದಕ ಕೊಡುವ ರೂಢಿ ಭಾರತದಲ್ಲಿ ಬೇರೂರಿದ್ದು ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ. ಬ್ರಿಟಿಷ್ ಸರ್ಕಾರ ತನ್ನ ಸೈನ್ಯದ ಎಲ್ಲ ದರ್ಜೆಯವರಿಗೂ ಒಂದೇ ಬಗೆಯ ಪದಕ ಕೊಟ್ಟದ್ದು 1815ರ ವಾಟರ್‌ಲೂ ಕಾಳಗದ ನಂತರ. ಅದಕ್ಕೆ ಮೂರು ದಶಕ ಮೊದಲೇ, 1784ರಲ್ಲಿ, ಕಂಪನಿಯು ಪಶ್ಚಿಮ ಭಾರತದಲ್ಲಿ ಮರಾಠರ ಮೇಲೂ ಕರ್ನಾಟಿಕ್ ಪ್ರದೇಶದಲ್ಲಿ ಹೈದರಾಲಿಯ ಮೇಲೂ ಹೋರಾಡಿದ ಬಂಗಾಳ ಸೇನೆಯ ದೇಶಿ ಸೈನಿಕರಿಗೆ ಡೆಕ್ಕನ್ ಪದಕವನ್ನು ಹಂಚಿತ್ತು. ಅದರ ಮೇಲಿನ ಬರಹ ಪರ್ಷಿಯನ್ ಭಾಷೆಯಲ್ಲಿತ್ತು. ದಾರಕ್ಕೆ ಪೋಣಿಸಿ ಅದನ್ನು ಕೊರಳಿಗೆ ಹಾಕಿಕೊಳ್ಳುತ್ತಿದ್ದರು. ಎದೆಯ ಎಡಭಾಗದಲ್ಲಿ ಸಾಲಾಗಿ ಪದಕ ಧರಿಸುವ ಪದ್ಧತಿ ಬಂದದ್ದು ಆಮೇಲೆ.

ಶೌರ್ಯ ಪದಕ ಮತ್ತು ಸೇವಾ ಪದಕ ಎಂಬ ಎರಡು ಬಗೆಗಳ ವ್ಯತ್ಯಾಸವನ್ನು ಇಲ್ಲೇ ಹೇಳಿಬಿಡಬೇಕು. ಶೌರ್ಯ ಪದಕ ಒಬ್ಬ ವ್ಯಕ್ತಿಯ ಒಂದು ಸಾಹಸಕ್ಕೆ ಸಲ್ಲುವಂಥದ್ದು. ಅದು ಬೆರಳೆಣಿಕೆಯ ಮಂದಿಗೆ ಸಿಗುತ್ತದೆ. ಸೇವಾ ಪದಕವಾದರೋ ಇಂಥ ಯುದ್ಧದಲ್ಲಿ, ಇಂಥ ಸೀಮೆಯಲ್ಲಿ, ಇಷ್ಟು ಕಾಲ ಇದ್ದವರಿಗೆಲ್ಲ ಬರುತ್ತದೆ. ನಿವೃತ್ತ ಹವಾಲ್ದಾರನ ಎದೆಯ ಮೇಲಿನ ಸಾಲಿನಲ್ಲಿ ಬಹುಪಾಲು ಈ ಎರಡನೆಯ ಬಗೆಯವೇ. ನೋಡುವವರು ಶೌರ್ಯ ಪದಕಗಳ ಕಥೆ ಕೇಳಲು ಆತುರಪಡುತ್ತಾರೆ. ಆದರೆ ಸಾಮಾನ್ಯ ಸೈನಿಕನ ಬಾಳು ಅಡಗಿರುವುದು ಸೇವಾ ಪದಕಗಳಲ್ಲಿ. ಅವು ಯಾವ ಲೋಹದವು, ಅವುಗಳ ಅಂಚಿನಲ್ಲಿ ಹೆಸರಿದೆಯೋ ಇಲ್ಲವೋ ಎಂಬ ಎರಡು ಸಂಗತಿಗಳನ್ನು ಹಿಡಿದು ಹೊರಟರೆ, ಆಳುವವರು ಸಿಪಾಯಿಯನ್ನು ಹೇಗೆ ಕಂಡರು ಎಂಬ ಇತಿಹಾಸ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಈ ಇತಿಹಾಸದ ಮೊದಲ ಅಧ್ಯಾಯಗಳು ನಡೆದದ್ದು ಮೈಸೂರಿನ ನೆಲದಲ್ಲೇ. 1790ರಿಂದ 1792ರವರೆಗಿನ ಮೂರನೆಯ ಮೈಸೂರು ಯುದ್ಧಕ್ಕಾಗಿ ಕಂಪನಿ ಮತ್ತೊಂದು ಪದಕ ಹೊರಡಿಸಿ ಬಂಗಾಳ ಸೇನೆಯ ದೇಶಿ ಸೈನಿಕರಿಗೆ ಕೊಟ್ಟಿತು. ಮುರಿದು ಬಿದ್ದ ಫಿರಂಗಿಯ ಮೇಲೆ ಕಾಲಿಟ್ಟು ಬಾವುಟ ಹಿಡಿದು ನಿಂತ ಸಿಪಾಯಿಯ ಚಿತ್ರ ಅದರ ಮೇಲಿದೆ; ಹಿನ್ನೆಲೆಯಲ್ಲಿ ಕೋಟೆಯ ಊರು. ಪದಕದ ಮೇಲೆ ರಾಜನನ್ನಾಗಲಿ ಸೇನಾಪತಿಯನ್ನಾಗಲಿ ಕೆತ್ತದೆ ಸಾಮಾನ್ಯ ಕಾಲಾಳನ್ನು ಕೆತ್ತಿದ್ದು ಆ ಕಾಲಕ್ಕೆ ಅಪರೂಪದ ಸಂಗತಿ. ಆದರೂ ಲೋಹದಲ್ಲಿ ತಾರತಮ್ಯ ಇದ್ದೇ ಇತ್ತು. ಸುಬೇದಾರನಿಗೆ ಚಿನ್ನ, ಜಮಾದಾರನಿಗೆ ಬೆಳ್ಳಿ. ಹವಾಲ್ದಾರ, ನಾಯಕ, ಸಿಪಾಯಿ ಮತ್ತು ಫಿರಂಗಿ ಎಳೆಯುವ ಲಸ್ಕರ್‌ಗಳಿಗೆ ಅಳತೆಯಲ್ಲಿ ಸಣ್ಣದಾದ ಬೆಳ್ಳಿ.

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದು ಟಿಪ್ಪು ಸುಲ್ತಾನ್ ಮಡಿದ ಮೇಲೆ ಹೊರಟ ಪದಕದಲ್ಲಿ ಈ ತಾರತಮ್ಯ ಇನ್ನಷ್ಟು ಎದ್ದುಕಾಣುತ್ತದೆ. ಅದರ ಅಚ್ಚನ್ನು ಕೆತ್ತಿದವನು ಕ್ಯೂಕ್ಲರ್ ಎಂಬ ಕಲಾವಿದ. ಟಂಕಿಸಿದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಬಳಿ ಮ್ಯಾಥ್ಯೂ ಬೌಲ್ಟನ್ ನಡೆಸುತ್ತಿದ್ದ ಸೋಹೋ ಟಂಕಸಾಲೆಯಲ್ಲಿ. ಮುಂಬದಿಯಲ್ಲಿ ಸಿಂಹವು ಹುಲಿಯನ್ನು ಕೆಡವಿ ಮೆಟ್ಟಿರುವ ದೃಶ್ಯ, ಹಿಂಬದಿಯಲ್ಲಿ ಕೋಟೆಗೆ ಲಗ್ಗೆ ಹಾಕುವ ದೃಶ್ಯ ಮತ್ತು ಪರ್ಷಿಯನ್ ಬರಹ. ಸಿಂಹ ಬ್ರಿಟಿಷರ ಗುರುತು, ಹುಲಿ ಟಿಪ್ಪುವಿನದು. ಗವರ್ನರ್ ಜನರಲ್ ಮತ್ತು ಸೇನಾಪತಿಗಳಿಗೆ ಚಿನ್ನದ ಪದಕ, ಮೇಲಿನ ಅಧಿಕಾರಿಗಳಿಗೆ ಚಿನ್ನದ ನೀರು ಹಾಯಿಸಿದ ಬೆಳ್ಳಿ, ಕೆಳ ಅಧಿಕಾರಿಗಳಿಗೆ ಬರಿಯ ಬೆಳ್ಳಿ, ಹವಾಲ್ದಾರ ದರ್ಜೆಯವರಿಗೆ ಕಂಚು. ಸಿಪಾಯಿಗೆ ಮತ್ತು ಗೋರಾ ಸೋಲ್ಜರನಿಗೆ ತವರ. ಐದು ಲೋಹಗಳಲ್ಲಿ ಒಂದೇ ಚಿತ್ರ. ಕೋಟೆಯ ಬಿರುಕಿಗೆ ನುಗ್ಗಿದವರಲ್ಲಿ ಹೆಚ್ಚಿನವರ ಪಾಲಿಗೆ ಬಂದದ್ದು ಉಗುರಿನಿಂದ ಗೀರಿದರೂ ಗುರುತು ಬೀಳುವಷ್ಟು ಮೆದುವಾದ ಲೋಹ.

ಆ ಪದಕದಲ್ಲಿ ನೇತುಹಾಕಲು ಬಳೆಯಿರಲಿಲ್ಲ, ರಿಬ್ಬನ್ ಇರಲಿಲ್ಲ. ಧರಿಸಬೇಕೆಂದಿದ್ದವನು ತಾನೇ ಅಕ್ಕಸಾಲಿಗನ ಬಳಿ ಹೋಗಿ ತೂತು ಕೊರೆಸಿ ಬಳೆ ಹಾಕಿಸಿಕೊಳ್ಳಬೇಕಿತ್ತು. ಯಾರ ಹೆಸರೂ ಅದರ ಮೇಲಿರಲಿಲ್ಲ. ಕೈಗೆ ಸಿಕ್ಕಿದ್ದಾದರೂ 1808ರ ಸುಮಾರಿಗೆ, ಕೋಟೆ ಬಿದ್ದು ಒಂಬತ್ತು ವರ್ಷ ಕಳೆದ ಮೇಲೆ. ಈ ನಡುವೆ 1806ರ ಜುಲೈ 10ರಂದು ವೆಲ್ಲೂರಿನಲ್ಲಿ ಮದ್ರಾಸ್ ಸೇನೆಯ ಸಿಪಾಯಿಗಳು ದಂಗೆ ಎದ್ದಿದ್ದರು. ಹೊಸ ಬಗೆಯ ಟೋಪಿ ತೊಡಬೇಕು, ಹಣೆಗೆ ನಾಮ ವಿಭೂತಿ ಹಚ್ಚಬಾರದು, ಗಡ್ಡ ಬೋಳಿಸಬೇಕು ಎಂಬ ಆಜ್ಞೆಗಳು ಅವರನ್ನು ಕೆರಳಿಸಿದ್ದವು. ಟಿಪ್ಪುವಿನ ಮಕ್ಕಳನ್ನು ಇರಿಸಿದ್ದದ್ದೂ ವೆಲ್ಲೂರಿನ ಕೋಟೆಯಲ್ಲೇ. ಶ್ರೀರಂಗಪಟ್ಟಣದ ಲೂಟಿಯಲ್ಲಿ ಪಾಲು ಹಂಚಿದಾಗ ಸೇನಾಪತಿ ಹ್ಯಾರಿಸ್‌ಗೆ 1,40,000 ಪೌಂಡಿಗೂ ಮಿಕ್ಕಿ ಸಂದಿತು. ಸಿಪಾಯಿಯ ಪಾಲು ಕೆಲವೇ ಪೌಂಡ್. ಇದನ್ನು ನೆನೆದರೆ ತವರದ ಬಿಲ್ಲೆ ಆ ಕಾಲದ ಲೆಕ್ಕಾಚಾರಕ್ಕೆ ಹೊಂದಿಕೊಂಡೇ ಇತ್ತು ಎನ್ನಬೇಕು.

ಕನ್ನಡ ನಾಡಿನ ಓದುಗರು ಅರಿತಿರಬೇಕಾದ ಇನ್ನೊಂದು ಪದಕ ಕೊಡಗಿನದು. 1837ರ ಏಪ್ರಿಲ್‌ನಲ್ಲಿ ಕಲ್ಯಾಣಪ್ಪನ ಹೆಸರಿನಲ್ಲಿ ಸುಳ್ಯದ ಕಡೆಯಿಂದ ಎದ್ದ ರೈತ ಬಂಡಾಯ ಮಂಗಳೂರಿನವರೆಗೂ ಹಬ್ಬಿತು. ಅದನ್ನು ಅಡಗಿಸಲು ಕಂಪನಿಯ ಪಕ್ಷ ವಹಿಸಿದ ಕೊಡಗಿನವರಿಗೆ ಚಿನ್ನದಲ್ಲೂ ಬೆಳ್ಳಿಯಲ್ಲೂ ಪದಕ ಟಂಕಿಸಲಾಯಿತು. ಒಂದು ಬದಿಯಲ್ಲಿ ಆಯುಧ ಹಿಡಿದ ಕೊಡಗಿನ ಯೋಧ, ಸುತ್ತ ಕನ್ನಡ ಲಿಪಿಯ ಬರಹ; ಇನ್ನೊಂದು ಬದಿಯಲ್ಲಿ ಇಂಗ್ಲಿಷ್. ಕನ್ನಡದಲ್ಲಿ ಬರೆಸಿದ ಯುದ್ಧ ಪದಕವೆಂಬ ಕಾರಣಕ್ಕೆ ಇದು ವಿಶೇಷವಾದದ್ದು. ಅದೇ ಬಂಡಾಯದ ನಾಯಕರಲ್ಲೊಬ್ಬನಾದ ಗುಡ್ಡೆಮನೆ ಅಪ್ಪಯ್ಯ ಗೌಡನನ್ನು ಆ ವರ್ಷದ ಅಕ್ಟೋಬರ್‌ನಲ್ಲಿ ಮಡಿಕೇರಿಯಲ್ಲಿ ಗಲ್ಲಿಗೇರಿಸಿದರು ಎಂಬುದನ್ನೂ ಜೊತೆಗೇ ಹೇಳಬೇಕು. ಪದಕ ಯಾರು ಯಾರಿಗೆ ಯಾತಕ್ಕಾಗಿ ಕೊಟ್ಟರು ಎಂಬುದನ್ನು ಬಿಟ್ಟು ಅದರ ಅಂದವನ್ನಷ್ಟೇ ಮೆಚ್ಚುವುದು ಈ ನೆಲದಲ್ಲಿ ಸಾಧ್ಯವಿಲ್ಲ.

1837ರಲ್ಲೇ ಕಂಪನಿ ದೇಶಿ ಸೈನಿಕರಿಗಾಗಿ ಎರಡು ಶಾಶ್ವತ ಗೌರವಗಳನ್ನು ಸ್ಥಾಪಿಸಿತು. ಮೊದಲನೆಯದು ಆರ್ಡರ್ ಆಫ್ ಮೆರಿಟ್. ಎದ್ದುಕಾಣುವ ಸಾಹಸ ತೋರಿದ ಯಾವ ಸಿಪಾಯಿಗೂ ಇದು ಸಿಗಬಹುದಿತ್ತು. ಮೂರು ದರ್ಜೆಗಳಿದ್ದವು, ಒಂದು ಸಾಹಸಕ್ಕೆ ಮೂರನೆಯ ದರ್ಜೆ, ಅದನ್ನು ಪಡೆದವನು ಮತ್ತೊಮ್ಮೆ ಮೆರೆದರೆ ಎರಡನೆಯದು. ಸಿಪಾಯಿಗೆ ಮುಖ್ಯವಾಗಿದ್ದದ್ದು ಅದರೊಂದಿಗೆ ಬರುತ್ತಿದ್ದ ಹಣ. ಮೂರನೆಯ ದರ್ಜೆಯವನಿಗೆ ಸಂಬಳದ ಮೂರನೆಯ ಒಂದು ಭಾಗ ಹೆಚ್ಚಿಗೆ, ಎರಡನೆಯವನಿಗೆ ಮೂರನೆಯ ಎರಡು ಭಾಗ, ಮೊದಲ ದರ್ಜೆಗೆ ಸಂಬಳ ಇಮ್ಮಡಿ. ಆಗ ಸಿಪಾಯಿಯ ತಿಂಗಳ ಸಂಬಳ ಏಳು ರೂಪಾಯಿ. ಮೂರನೆಯ ದರ್ಜೆಯ ಪದಕವೆಂದರೆ ತಿಂಗಳಿಗೆ ಎರಡು ರೂಪಾಯಿ ಐದಾಣೆ ಚಿಲ್ಲರೆ ಹೆಚ್ಚುವರಿ. ಊರಿನಲ್ಲಿ ಸಂಸಾರ ಇದ್ದವನಿಗೆ ಅದು ಸಣ್ಣ ಮೊತ್ತವಾಗಿರಲಿಲ್ಲ.

ಎರಡನೆಯದು ಆರ್ಡರ್ ಆಫ್ ಬ್ರಿಟಿಷ್ ಇಂಡಿಯಾ. ದೀರ್ಘಕಾಲ ನಿಷ್ಠೆಯಿಂದ ದುಡಿದ ಸುಬೇದಾರ, ಜಮಾದಾರರಿಗೆ ಮೀಸಲಾಗಿದ್ದ ಇದನ್ನು ಕೊರಳಿಗೆ ಧರಿಸಬೇಕಿತ್ತು. ಮೊದಲ ದರ್ಜೆಯವರು ಸರ್ದಾರ್ ಬಹಾದ್ದೂರ್, ಎರಡನೆಯವರು ಬಹಾದ್ದೂರ್. ಇದರ ರಿಬ್ಬನ್ ಮೊದಲು ಆಕಾಶನೀಲಿ ಬಣ್ಣದ್ದಾಗಿತ್ತು. ತಲೆಗೆ ಹಚ್ಚಿದ ಎಣ್ಣೆ ಕತ್ತಿನ ಹಿಂಭಾಗಕ್ಕಿಳಿದು ರಿಬ್ಬನ್ ಬೇಗ ಕೊಳೆಯಾಗುತ್ತಿತ್ತಂತೆ. ಒಂದೆರಡು ವರ್ಷಗಳಲ್ಲೇ ಅದನ್ನು ಕಡುಗೆಂಪಿಗೆ ಬದಲಿಸಿದರು.

ಏಳು ರೂಪಾಯಿಯ ಆ ಸಿಪಾಯಿಯ ದಿನಚರಿ ಹೇಗಿತ್ತು? ಶಾಂತಿಕಾಲದಲ್ಲಿ ಊಟದ ಖರ್ಚು ಅವನದೇ. ಬಟ್ಟೆಬರೆಯ ಬಾಬ್ತು ಸಂಬಳದಿಂದ ಕಡಿತ. ಮದ್ರಾಸ್ ಸೇನೆಯಲ್ಲಂತೂ ಪಲ್ಟನ್ ಊರಿಂದೂರಿಗೆ ಹೊರಟಾಗ ಹೆಂಡತಿ ಮಕ್ಕಳೂ ಹಿಂದೆಯೇ ಹೊರಡುತ್ತಿದ್ದರು. ಗಡಿಯಾಚೆಯ ದಂಡಯಾತ್ರೆಗೆ ಹೋದರೆ ಭತ್ಯೆಯೆಂದು ಒಂದಿಷ್ಟು ಹೆಚ್ಚು ಸಿಗುತ್ತಿತ್ತು. ಸಂಬಳ 1895ರಲ್ಲಿ ಒಂಬತ್ತು ರೂಪಾಯಿಯಾಯಿತು, 1911ರಲ್ಲಿ ಹನ್ನೊಂದಾಯಿತು. ಶಾಂತಿಕಾಲದಲ್ಲೂ ಪುಕ್ಕಟೆ ಪಡಿತರ ಕೊಡಲು ಸರ್ಕಾರ ಒಪ್ಪಿದ್ದು 1917ರಲ್ಲಿ, ಮಹಾಯುದ್ಧಕ್ಕೆ ಜನ ಸಾಲದೆ ಬಂದಾಗ.

ಪದಕದ ಅಂಚಿನಲ್ಲಿ ಹೆಸರು ಒತ್ತುವ ಪದ್ಧತಿ ವಾಟರ್‌ಲೂ ಪದಕದಿಂದ ಆರಂಭವಾಗಿ ಹತ್ತೊಂಬತ್ತನೆಯ ಶತಮಾನದ ನಡುವಿಗೆ ಭಾರತಕ್ಕೂ ವ್ಯಾಪಿಸಿತು. ಸಂಖ್ಯೆ, ದರ್ಜೆ, ಹೆಸರು, ಪಲ್ಟನ್: ಈ ನಾಲ್ಕನ್ನು ಒಂದು ಸಾಲಿನಲ್ಲಿ ಕೆತ್ತುತ್ತಿದ್ದರು ಅಥವಾ ಅಚ್ಚಿನಿಂದ ಒತ್ತುತ್ತಿದ್ದರು. ಸಾಮಾನ್ಯ ಸಿಪಾಯಿಗೆ ಸಂಬಂಧಿಸಿದ ಎಷ್ಟೋ ಕಾಗದಪತ್ರಗಳು ಗೆದ್ದಲು ತಿಂದು ಹೋಗಿವೆ. ಅವನ ಹೆಸರು ಉಳಿದಿದ್ದರೆ ಅದು ಈ ಮೂರು ಮಿಲಿಮೀಟರ್ ಅಗಲದ ಅಂಚಿನಲ್ಲಿ. 1854ರಿಂದ ಇಂಡಿಯಾ ಜನರಲ್ ಸರ್ವೀಸ್ ಪದಕ ಬಂತು. ಪ್ರತಿ ದಂಡಯಾತ್ರೆಗೂ ಹೊಸ ಪದಕ ಮಾಡುವ ಬದಲು, ಒಂದೇ ಪದಕದ ಮೇಲೆ ಆಯಾ ದಂಡಯಾತ್ರೆಯ ಹೆಸರಿನ ಬೆಳ್ಳಿ ಪಟ್ಟಿಯನ್ನು ಸೇರಿಸುತ್ತ ಹೋಗುವ ಉಪಾಯ ಇದರದು. ಬರ್ಮಾ, ವಾಯವ್ಯ ಗಡಿ ಎಂದು ಪಟ್ಟಿ ಏರಿದಂತೆಲ್ಲ ಪದಕ ಕೆಳಗಿಳಿಯುತ್ತಿತ್ತು.

1834ರಿಂದ ಬೆಂಗಳೂರನ್ನೇ ನೆಲೆ ಮಾಡಿಕೊಂಡಿದ್ದ ಮದ್ರಾಸ್ ಸ್ಯಾಪರ್ಸ್ ಮತ್ತು ಮೈನರ್ಸ್ ದಳದವರು ಈ ಕಾಲದ ಬಹುತೇಕ ದಂಡಯಾತ್ರೆಗಳಿಗೆ ಹೋದರು. ಸೇತುವೆ ಕಟ್ಟುವುದು, ದಾರಿ ಕಡಿಯುವುದು, ಸುರಂಗ ತೋಡುವುದು ಅವರ ಕಸುಬು. ಚೀನಾ, ಈಜಿಪ್ಟ್, ಬರ್ಮಾ, ತಿರಾಹ್, 1868ರಲ್ಲಿ ಅಬಿಸೀನಿಯಾ. ಅಬಿಸೀನಿಯಾ ಪದಕದ ವಿಶೇಷವೆಂದರೆ ಹೆಸರನ್ನು ಅಂಚಿನಲ್ಲಿ ಹಾಕದೆ ಪದಕದ ಹಿಂಬದಿಯ ನಟ್ಟನಡುವೆ ಹಾಕಿದ್ದು. ಖರ್ಚು ವಿಪರೀತವಾಯಿತು.

ಸಿಪಾಯಿಗೂ ಬೆಳ್ಳಿ ಸಾಮಾನ್ಯವಾದ ಕಾಲಕ್ಕೆ ಲೋಹದ ತಾರತಮ್ಯ ಇನ್ನೊಂದು ಮೆಟ್ಟಿಲು ಕೆಳಗಿಳಿದು ಕುಳಿತಿತು. 1885ರ ಬರ್ಮಾ ಯುದ್ಧದಿಂದೀಚೆಗೆ ನೀರು ಹೊರುವ ಭಿಸ್ತಿ, ಗಾಯಾಳುಗಳ ಡೋಲಿ ಹೊರುವವ, ಕುದುರೆ ನೋಡಿಕೊಳ್ಳುವ ಸಾಯಿಸ, ಹೊರೆಯಾಳು ಇವರಿಗೆ ಅದೇ ಪದಕವನ್ನು ಕಂಚಿನಲ್ಲಿ ಕೊಟ್ಟರು. 1903-04ರ ಟಿಬೆಟ್ ದಂಡಯಾತ್ರೆಯಲ್ಲಿ ಹಿಮದ ಕಣಿವೆಗಳಲ್ಲಿ ಸರಕು ಹೊತ್ತವರಿಗೂ ಕಂಚೇ. ಗುಂಡಿನ ಮಳೆಯಲ್ಲಿ ಡೋಲಿ ಹೊರುವವನ ಕೈಯಲ್ಲಿ ಬಂದೂಕೂ ಇರುತ್ತಿರಲಿಲ್ಲ. ಅವನ ಕಂಚಿನ ಬಿಲ್ಲೆಗೆ ಬೆಳ್ಳಿಯದಕ್ಕಿಂತ ಕಡಿಮೆ ಮರ್ಯಾದೆ ಸಲ್ಲಿಸಲು ಯಾವ ಕಾರಣವೂ ಕಾಣುವುದಿಲ್ಲ.

ಮೊದಲ ಮಹಾಯುದ್ಧಕ್ಕೆ ಭಾರತದಿಂದ ಹದಿಮೂರು ಲಕ್ಷಕ್ಕೂ ಮಿಕ್ಕಿ ಜನ ಹೋದರು. ಸುಮಾರು 74,000 ಮಂದಿ ಮರಳಲಿಲ್ಲ. ಹೀಗೆ ಯುದ್ಧಕ್ಕೆ ಹೋದವರಲ್ಲಿ ಮೈಸೂರು ಸಂಸ್ಥಾನದ ಅಶ್ವದಳ ಮೈಸೂರು ಲ್ಯಾನ್ಸರ್ಸ್ ಕೂಡ ಇತ್ತು. 1914ರ ಕೊನೆಯಲ್ಲಿ ಈಜಿಪ್ಟಿಗೆ ಹೋದ ಈ ದಳ ಸೂಯೆಜ್ ಕಾಲುವೆಯ ಕಾವಲು ಕಾಯಿತು, ಆಮೇಲೆ ಪ್ಯಾಲೆಸ್ಟೈನ್‌ನತ್ತ ನಡೆಯಿತು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣದ ಮೇಲೆ ನಡೆದ ದಾಳಿಯಲ್ಲಿ ಜೋಧಪುರ ಲ್ಯಾನ್ಸರ್ಸ್ ನೇರವಾಗಿ ಊರಿಗೆ ನುಗ್ಗಿದರೆ, ಮೈಸೂರಿನ ಸವಾರರು ಕಾರ್ಮೆಲ್ ಬೆಟ್ಟದ ಮೇಲಿದ್ದ ಫಿರಂಗಿಗಳ ಕಡೆ ಕಡಿದಾದ ದಾರಿಯಲ್ಲಿ ಏರಿದರು. ಮೆಷಿನ್‌ಗನ್‌ಗಳ ಎದುರು ಈಟಿ ಕತ್ತಿ ಹಿಡಿದ ಸವಾರರು ಅಂದೇ ಊರನ್ನು ವಶಪಡಿಸಿಕೊಂಡು ಸಾವಿರಕ್ಕೂ ಹೆಚ್ಚು ಜನರನ್ನು ಸೆರೆಹಿಡಿದರು.

ಮೊದಲಿನಿಂದ ಕೊನೆಯವರೆಗೆ ಅಲ್ಲಿದ್ದ ಮೈಸೂರು ಸವಾರನಿಗೆ ಮೂರು ಪದಕ ಸಂದವು. 1914-15ರ ಕಂಚಿನ ತಾರೆ, ಬ್ರಿಟಿಷ್ ವಾರ್ ಮೆಡಲ್ ಎಂಬ ಬೆಳ್ಳಿಯ ಬಿಲ್ಲೆ, ಕಾಮನಬಿಲ್ಲಿನ ಬಣ್ಣದ ರಿಬ್ಬನ್ ಇರುವ ವಿಕ್ಟರಿ ಮೆಡಲ್. ಲಕ್ಷಾಂತರ ಮಂದಿಗೆ ಹಂಚಿದ ಈ ಮೂರರಲ್ಲಿ ಹೈಫಾ ಎಂಬ ಹೆಸರು ಎಲ್ಲೂ ಇಲ್ಲ. ಕಾಳಗಗಳ ಹೆಸರಿನ ಪಟ್ಟಿಗಳನ್ನು ವಾರ್ ಮೆಡಲ್‌ಗೆ ಸೇರಿಸುವ ಯೋಜನೆಯೇನೋ ಇತ್ತು. ಖರ್ಚು ಹೆಚ್ಚೆಂದು ಕೈಬಿಟ್ಟರು. ಹೀಗಾಗಿ ಒಬ್ಬ ಸವಾರ ಹೈಫಾದಲ್ಲಿದ್ದಿರಬಹುದೆಂದು ಊಹಿಸಲು ಅಂಚಿನಲ್ಲಿರುವ ಹೆಸರು ಮತ್ತು ಮೈಸೂರು ಲ್ಯಾನ್ಸರ್ಸ್ ಎಂಬ ದಳದ ಹೆಸರಷ್ಟೇ ಆಧಾರ. ದೆಹಲಿಯ ತೀನ್ ಮೂರ್ತಿ ಸ್ಮಾರಕದಲ್ಲಿ 1922ರಿಂದ ನಿಂತಿರುವ ಮೂರು ಪ್ರತಿಮೆಗಳು ಜೋಧಪುರ, ಹೈದರಾಬಾದ್ ಮತ್ತು ಮೈಸೂರಿನ ಸವಾರರನ್ನು ಪ್ರತಿನಿಧಿಸುತ್ತವೆ. ಮೈಸೂರು ಲ್ಯಾನ್ಸರ್ಸ್‌ನ ಸವಾರರು ಮುಂದೆ ಉಳಿದ ಸಂಸ್ಥಾನಗಳ ಅಶ್ವದಳಗಳೊಂದಿಗೆ 61ನೆಯ ಕ್ಯಾವಲ್ರಿಯಲ್ಲಿ ವಿಲೀನವಾದರು.

ವಾರ್ ಮೆಡಲ್‌ನಲ್ಲೂ ಕಂಚಿನ ಪ್ರತ್ಯೇಕ ಪಂಕ್ತಿ ಮುಂದುವರಿಯಿತು. ಕಂದಕ ತೋಡಿದ, ರೈಲು ಹಳಿ ಹಾಕಿದ ಭಾರತೀಯ, ಚೀನೀ, ಮಾಲ್ಟಾ ಕೂಲಿ ದಳಗಳವರಿಗೆ ಬೆಳ್ಳಿಯ ಬದಲು ಕಂಚು. ಬೆಳ್ಳಿಯ ಪದಕಕ್ಕೆ ಇನ್ನೊಂದು ಗಂಡಾಂತರ ಕಾದಿತ್ತು. ಒಂದು ಔನ್ಸ್‌ನಷ್ಟು ತೂಗುವ ಆ ಬಿಲ್ಲೆಗಳು ಬೆಳ್ಳಿಯ ಬೆಲೆ ಏರಿದಾಗಲೆಲ್ಲ, ಮುಖ್ಯವಾಗಿ 1980ರ ಆಸುಪಾಸಿನಲ್ಲಿ, ದೊಡ್ಡ ಸಂಖ್ಯೆಯಲ್ಲಿ ಮೂಸೆಗೆ ಬಿದ್ದವು. ಕಂಚಿನವಕ್ಕೆ ಆ ಭಯ ಇರಲಿಲ್ಲ. ಇನ್ನು ಶೌರ್ಯ ಪದಕಗಳ ಪೈಕಿ ವಿಕ್ಟೋರಿಯಾ ಕ್ರಾಸ್ ಪಡೆಯುವ ಹಕ್ಕು ಭಾರತೀಯ ಸಿಪಾಯಿಗೆ ಬಂದದ್ದು 1911ರಲ್ಲಿ. ಅದನ್ನು ಮೊದಲು ಗಳಿಸಿದವರು 1914ರ ಅಕ್ಟೋಬರ್‌ನಲ್ಲಿ ಬೆಲ್ಜಿಯಂನಲ್ಲಿ ಹೋರಾಡಿದ ಸಿಪಾಯಿ ಖುದಾದಾದ್ ಖಾನ್.

ಎರಡನೆಯ ಮಹಾಯುದ್ಧದ ಹೊತ್ತಿಗೆ ಭಾರತೀಯ ಸೇನೆ ಸುಮಾರು 25 ಲಕ್ಷಕ್ಕೆ ಬೆಳೆಯಿತು. ಪದಕಗಳು ಈಗ ರಣರಂಗಗಳ ಹೆಸರಿನ ತಾರೆಗಳಾದವು: ಆಫ್ರಿಕಾ, ಇಟಲಿ, ಬರ್ಮಾ, ಪೆಸಿಫಿಕ್. ವಾರ್ ಮೆಡಲ್‌ಗೆ ಬೆಳ್ಳಿ ಹೋಗಿ ತಾಮ್ರ ನಿಕ್ಕಲ್ ಮಿಶ್ರಲೋಹ ಬಂತು, ಲೋಹದ ಭೇದ ಅಲ್ಲಿಗೆ ಮುಗಿಯಿತು. ರಣರಂಗಕ್ಕೆ ಹೋಗದೆ ದೇಶದೊಳಗೇ ಮೂರು ವರ್ಷ ದುಡಿದವರಿಗೆ ಇಂಡಿಯಾ ಸರ್ವೀಸ್ ಮೆಡಲ್ ಇತ್ತು. ಮೈಸೂರು ಕಾಲಾಳು ದಳದ ಒಂದು ಬೆಟಾಲಿಯನ್ 1942ರಲ್ಲಿ ಸಿಂಗಪುರದಲ್ಲಿ ಜಪಾನೀಯರ ಸೆರೆಗೆ ಸಿಕ್ಕಿ ಯುದ್ಧದ ಉಳಿದ ಕಾಲವನ್ನು ಸೆರೆಯಲ್ಲೇ ಕಳೆಯಬೇಕಾಯಿತು. ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್‌ನ ಸುಬೇದಾರ್ ಸುಬ್ರಮಣ್ಯನ್ 1944ರ ಫೆಬ್ರವರಿ 24ರಂದು ಇಟಲಿಯಲ್ಲಿ ಸಿಡಿಯಲಿದ್ದ ನೆಲಬಾಂಬಿನ ಮೇಲೆ ತಾವೇ ಬಿದ್ದು ಜೊತೆಯವರನ್ನು ಉಳಿಸಿದರು. ಜಾರ್ಜ್ ಕ್ರಾಸ್ ಎಂಬ ಶೌರ್ಯ ಪದಕ ಪಡೆದ ಮೊದಲ ಭಾರತೀಯ ಅವರು. ಅದು ಸಂದದ್ದು ಮರಣೋತ್ತರವಾಗಿ.

1947ರ ಸ್ವಾತಂತ್ರ್ಯ ಪದಕ ಸಂಧಿಕಾಲದ್ದು. ಒಂದು ಬದಿಯಲ್ಲಿ ಅಶೋಕ ಚಕ್ರ, ಅದರ ಮೇಲೆ ಇಂಗ್ಲೆಂಡಿನ ಕಿರೀಟ; ಇನ್ನೊಂದು ಬದಿಯಲ್ಲಿ ಅಶೋಕ ಸ್ತಂಭದ ಸಿಂಹಗಳು; ರಿಬ್ಬನ್ ಕೇಸರಿ, ಬಿಳಿ, ಹಸಿರು. 1950ರ ಜನವರಿ 26ರಂದು ಪರಮವೀರ ಚಕ್ರ, ಮಹಾವೀರ ಚಕ್ರ, ವೀರ ಚಕ್ರಗಳು ಸ್ಥಾಪನೆಯಾಗಿ 1947ರ ಆಗಸ್ಟ್ 15ರಿಂದ ಪೂರ್ವಾನ್ವಯವಾದವು. ಪರಮವೀರ ಚಕ್ರದ ವಿನ್ಯಾಸ ಸಾವಿತ್ರಿ ಖಾನೋಲ್ಕರ್ ಅವರದು: ಕಂಚಿನ ಬಿಲ್ಲೆ, ಇಂದ್ರನ ನಾಲ್ಕು ವಜ್ರಾಯುಧಗಳು, ನೇರಳೆ ರಿಬ್ಬನ್. ಚಿನ್ನದ ಪದಕ ಸೇನಾಪತಿಗೆ, ತವರ ಸಿಪಾಯಿಗೆ ಎಂಬ ಕಾಲದಿಂದ ದೇಶದ ಅತ್ಯುನ್ನತ ಶೌರ್ಯ ಪದಕವೇ ಕಂಚಿನದಾಗುವ ಕಾಲಕ್ಕೆ ಒಂದೂವರೆ ಶತಮಾನ ಹಿಡಿಯಿತು.

ಪರಮವೀರ ಚಕ್ರವನ್ನು ಜೀವಂತವಾಗಿ ಸ್ವೀಕರಿಸಿದ ಮೊದಲಿಗರು ಕಾರವಾರ ಸೀಮೆಯಲ್ಲಿ 1918ರಲ್ಲಿ ಹುಟ್ಟಿದ ರಾಮ ರಾಘೋಬ ರಾಣೆ. 1940ರಲ್ಲಿ ಬಾಂಬೆ ಸ್ಯಾಪರ್ಸ್‌ಗೆ ಸಾಮಾನ್ಯ ಸಿಪಾಯಿಯಾಗಿ ಸೇರಿ ಬರ್ಮಾ ಯುದ್ಧ ಕಂಡವರು. 1948ರ ಏಪ್ರಿಲ್ 8ರಿಂದ 11ರವರೆಗೆ, ಆಗ ಸೆಕೆಂಡ್ ಲೆಫ್ಟಿನೆಂಟ್ ಆಗಿದ್ದ ಅವರು, ನೌಶೇರಾದಿಂದ ರಜೌರಿಗೆ ಹೋಗುವ ದಾರಿಯಲ್ಲಿ ನೆಲಬಾಂಬುಗಳನ್ನೂ ಕಡಿದುರುಳಿಸಿದ ಮರಗಳನ್ನೂ ಗುಂಡಿನ ದಾಳಿಯ ನಡುವೆಯೇ ತೆರವು ಮಾಡಿದರು. ಗಾಯವಾಗಿದ್ದರೂ ಟ್ಯಾಂಕಿನ ಅಡಿಯಲ್ಲಿ ತೆವಳುತ್ತ, ಹಗ್ಗ ಎಳೆದು ಚಾಲಕನಿಗೆ ಸನ್ನೆ ಮಾಡುತ್ತ ಮುಂದೆ ಸಾಗಿದರು ಎಂಬುದು ದಾಖಲಾದ ಸಂಗತಿ. ಮೈಸೂರು ಲ್ಯಾನ್ಸರ್ಸ್‌ನ ಸವಾರರು ಮುಂದೆ ಉಳಿದ ಸಂಸ್ಥಾನಗಳ ಅಶ್ವದಳಗಳೊಂದಿಗೆ 61ನೆಯ ಕ್ಯಾವಲ್ರಿಯಲ್ಲಿ ವಿಲೀನವಾದರು.

ಸ್ವತಂತ್ರ ಭಾರತದ ಜವಾನನ ಪದಕ ಸಾಲನ್ನು ಓದಲು ಒಂದು ಉದಾಹರಣೆ ಸಾಕು. 1963ರಲ್ಲಿ ಸೇರಿ 1985ರ ಸುಮಾರಿಗೆ ಹವಾಲ್ದಾರನಾಗಿ ಊರಿಗೆ ಬಂದವನನ್ನು ತೆಗೆದುಕೊಳ್ಳೋಣ. ರಕ್ಷಾ ಪದಕವಿದ್ದರೆ 1965ರ ಆಗಸ್ಟ್‌ನಲ್ಲಿ ಅವನು ಸೇವೆಯಲ್ಲಿದ್ದ. ಸಮರ ಸೇವಾ ತಾರೆಯೂ ಇದ್ದರೆ ಆ ಯುದ್ಧದ ರಣಭೂಮಿಯಲ್ಲೇ ಇದ್ದ. ಸಂಗ್ರಾಮ ಪದಕ 1971ರ ಯುದ್ಧದ ಕಾಲದ ಸೇವೆಗೆ; ಪೂರ್ವಿ ತಾರೆ ಇದ್ದರೆ ಬಾಂಗ್ಲಾದ ಕಡೆ, ಪಶ್ಚಿಮಿ ತಾರೆ ಇದ್ದರೆ ಪಂಜಾಬ್, ಕಾಶ್ಮೀರ, ರಾಜಸ್ಥಾನದ ಕಡೆ. ಸೈನ್ಯ ಸೇವಾ ಪದಕದ ಪಟ್ಟಿಯಲ್ಲಿರುವ ಹೆಸರು ಅವನು ಕಷ್ಟದ ಗಡಿಯಲ್ಲಿ ಕಳೆದ ಕಾಲಕ್ಕೆ ಸಾಕ್ಷಿ. 1972ರ ಆಗಸ್ಟ್ 15ರಂದು ಸಮವಸ್ತ್ರದಲ್ಲಿದ್ದ ಎಲ್ಲರಿಗೂ ಸ್ವಾತಂತ್ರ್ಯದ ಬೆಳ್ಳಿಹಬ್ಬದ ಪದಕ ಬಂತು. ಒಂಬತ್ತು ವರ್ಷದ ಸೇವೆಗೊಂದು, ಇಪ್ಪತ್ತು ವರ್ಷದ ಸೇವೆಗೊಂದು ದೀರ್ಘಸೇವಾ ಪದಕ. ಹೊರದೇಶಕ್ಕೆ ಹೋದವರಿಗೆ ವಿದೇಶ ಸೇವಾ ಪದಕ. ಕೊರಿಯಾ, ಕಾಂಗೋದಿಂದ ಶ್ರೀಲಂಕಾದವರೆಗೆ ಅದರ ಪಟ್ಟಿಗಳಿವೆ. ಗುಂಡು ತಗುಲಿದವನಿಗೆ ಗಾಯದ ಪದಕ ಬೇರೆ. ಬಾಯಿಬಿಟ್ಟು ಏನೂ ಹೇಳದ ಮನುಷ್ಯನ ಇಪ್ಪತ್ತೆರಡು ವರ್ಷ ಹೀಗೆ ಒಂದು ಗೇಣಿನಲ್ಲಿ ಅಡಕವಾಗಿರುತ್ತದೆ.

ಇಂದಿಗೂ ಪದಕದ ಅಂಚಿನಲ್ಲಿ ಸಂಖ್ಯೆ, ದರ್ಜೆ, ಹೆಸರು, ರೆಜಿಮೆಂಟ್ ಕೆತ್ತುವುದು ನಿಯಮ. ಆದರೆ ಅಸಲಿ ಪದಕ ಕೈಸೇರಲು ವರ್ಷಗಟ್ಟಲೆ ತಡವಾದದ್ದುಂಟು. ರಿಬ್ಬನ್ ಧರಿಸಲು ಅರ್ಹನಾದ ಜವಾನ ದಂಡುಪ್ರದೇಶದ ಅಂಗಡಿಯಲ್ಲಿ ದುಡ್ಡು ಕೊಟ್ಟು ನಕಲು ಪದಕ ಕೊಳ್ಳುತ್ತಾನೆ, ಅದನ್ನೇ ಹಾಕಿಕೊಂಡು ಪೆರೇಡಿಗೆ ನಿಲ್ಲುತ್ತಾನೆ. ಆ ನಕಲಿನ ಅಂಚು ಖಾಲಿ. ಅಸಲಿ ಬರುವ ಮುನ್ನವೇ ನಿವೃತ್ತನಾಗಿ ಊರು ಸೇರಿದವನ ಮನೆಯಲ್ಲಿ ಆ ಖಾಲಿ ಅಂಚಿನ ಪದಕವೇ ಉಳಿಯುತ್ತದೆ. ಇದು ಸರಿಪಡಿಸಲೇಬೇಕಾದ ಲೋಪ.

2022ರಲ್ಲಿ ಅಗ್ನಿಪಥ ಯೋಜನೆ ಬಂದ ಮೇಲೆ ಪದಕದ ಸಾಲಿನ ಸ್ವರೂಪವೂ ಬದಲಾಗಲಿದೆ. ನಾಲ್ಕು ವರ್ಷದ ಅವಧಿಗೆ ಸೇರುವ ಅಗ್ನಿವೀರರಲ್ಲಿ ಹೆಚ್ಚೆಂದರೆ ಕಾಲು ಭಾಗದಷ್ಟು ಮಂದಿ ಖಾಯಂ ಆಗುತ್ತಾರೆ. ಶೌರ್ಯ ಪದಕಕ್ಕೂ ಗಡಿ ಸೇವೆಯ, ಕಾರ್ಯಾಚರಣೆಯ ಪದಕಗಳಿಗೂ ಅಗ್ನಿವೀರರು ನಿಯಮದಂತೆ ಅರ್ಹರು. ಒಂಬತ್ತು ಮತ್ತು ಇಪ್ಪತ್ತು ವರ್ಷಗಳ ದೀರ್ಘಸೇವಾ ಪದಕಗಳು ಮಾತ್ರ ಖಾಯಂ ಆಗಿ ಉಳಿದವರಿಗಷ್ಟೇ ಸಿಗುತ್ತವೆ.